ಮೂರನೇ ಕಲ್ಲುವೃತ್ತದ ಎರಡು ಚೀಟಿ

ಅಥವಾ ಮಳೆ ಬಂದದ್ದು ಬುಧವಾರವೂ ಇರಬಹುದು. ನನ್ನ ನೆನಪಿನಲ್ಲಿ ಅದು ಗುರುವಾರ ಮಧ್ಯಾಹ್ನ, ಊಟದ ಡಬ್ಬಿ ತೊಳೆಯುತ್ತಿದ್ದ ಹೊತ್ತು. ಆದರೆ ಆಗ ನಾನೇ ಬರೆದ ದಿನಚರಿಯಲ್ಲಿ ಗುರುವಾರದ ಪುಟ ಒಣಗಿಕೊಂಡಿದೆ, ನೀರಿನ ಕಲೆ ಇರುವುದು ಬುಧವಾರದ ಪುಟದಲ್ಲಿ. ಹಾಗೆಂದು ಕಲೆಯನ್ನೂ ನಂಬುವಂತಿಲ್ಲ. ಕುಡಿಯುವ ನೀರಿನ ಬಾಟಲಿಯೂ ಅದೇ ಚೀಲದಲ್ಲಿರುತ್ತಿತ್ತು.

ವಾರ ಯಾವುದಾದರೇನು ಎಂದು ಬೇರೆಯವರು ಕೇಳಬಹುದು. ಆ ಮಳೆ ಸುರಿದ ಕಾಲು ಗಂಟೆಯಲ್ಲಿ ನಾನು ಒಂದು ಸಣ್ಣ ಕೆಲಸ ಮಾಡಿದೆ. ಒಬ್ಬ ತಾಯಿಯ ಕೈಗೆ ಅವಳ ಮಗು ಸಿಕ್ಕಿತೇ ಎಂಬ ಪ್ರಶ್ನೆ ಆ ಕೆಲಸದ ಮೇಲೆ ನಿಂತಿದೆ. ಅದಕ್ಕೇ ವಾರ, ಹೊತ್ತು, ಗಾಳಿ ಯಾವ ಕಡೆಯಿಂದ ಬೀಸಿತು ಎಲ್ಲವನ್ನೂ ಮತ್ತೆ ಮತ್ತೆ ಜೋಡಿಸಿ ನೋಡುತ್ತೇನೆ. ಪ್ರತಿ ಸಲ ಸ್ವಲ್ಪ ಬೇರೆಯಾಗಿ ಕೂರುತ್ತದೆ.

ಜಾಗ ಕುಂದಲಹಳ್ಳಿಯ ಹಿಂಭಾಗ, ವೈಟ್‌ಫೀಲ್ಡ್ ಕಡೆಗೆ ಹೋಗುವಾಗ ಎಡಕ್ಕೆ. ಅಲ್ಲಿಗೆ ಮೆಟ್ರೋ ಇನ್ನೂ ಮಾತಿನಲ್ಲಷ್ಟೇ ಇತ್ತು. ಒಂದು ಕಂಪನಿಯ ಗಾಜಿನ ಕಟ್ಟಡ ಎದ್ದು ನಾಲ್ಕೈದು ಮಳೆಗಾಲ ಕಳೆದಿತ್ತು. ಪಕ್ಕದ ಬಯಲಿನಲ್ಲಿ ಎರಡನೆಯದನ್ನು ಕಟ್ಟಲು ಜೆಸಿಬಿ ತಂದು ಮೇಲ್ಮಣ್ಣು ಹೆರೆಯುವಾಗ ದುಂಡಗೆ ಕೂತ ದೊಡ್ಡ ಕಲ್ಲುಗಳು ಅಡ್ಡ ಬಂದವು. ಒಂದನ್ನು ಎಬ್ಬಿಸಿದರೆ ಕೆಳಗೆ ಒಡೆದ ಮಡಕೆ, ಅದರೊಳಗೆ ಮೂಳೆ. ಯಾರೋ ಫೋಟೋ ತೆಗೆದರು, ಯಾರೋ ಪುರಾತತ್ವ ಇಲಾಖೆಗೆ ತಿಳಿಸಿದರು. ಎರಡು ಸಾವಿರ ವರ್ಷಕ್ಕೂ ಹಿಂದಿನ ಸಮಾಧಿಗಳೆಂದು ಗೊತ್ತಾಯಿತು. ಕಟ್ಟಡ ನಿಲ್ಲುವುದಿಲ್ಲ, ಆದರೆ ಇಪ್ಪತ್ತು ದಿನ ಅಗೆದು ನೋಡಿಕೊಳ್ಳಬಹುದು ಎಂದು ಒಪ್ಪಂದವಾಯಿತು. ಅಗೆತದ ಹೊಣೆ ಹೊತ್ತ ಮೇಡಂ ನನ್ನನ್ನು ನಕ್ಷೆ ಬರೆಯಲು ಕರೆದರು. ಅದಕ್ಕೆ ಮೊದಲು ನಾನು ಪೀಣ್ಯದಲ್ಲಿ ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುತ್ತಿದ್ದವನು. ಸರ್ಕಾರಿ ಕಾರ್ಖಾನೆಯಲ್ಲಿ ಅದೇ ಕೆಲಸ ಮಾಡಿ ನಿವೃತ್ತರಾದ ಅಪ್ಪ ನನಗೆ ಕಲಿಸಿದ್ದು ಒಂದೇ ಪಾಠ: ಅಳೆಯದ್ದನ್ನು ಬರೆಯಬೇಡ.

ನನ್ನ ಮನೆಯಿದ್ದ ಟಿ. ದಾಸರಹಳ್ಳಿಯಿಂದ ಮೆಜೆಸ್ಟಿಕ್‌ಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ತಲುಪುವ ಹೊತ್ತಿಗೆ ಗಾಜಿನ ಮೇಲೆ ಬಿದ್ದ ಬಿಸಿಲು ತಿರುಗಿ ನಮ್ಮ ಗುಂಡಿಗಳ ಮೇಲೆ ಬಿದ್ದಿರುತ್ತಿತ್ತು. ನಾವು ಕೆಲಸ ಮಾಡಿದ್ದೆಲ್ಲ ಆ ಎರಡನೇ ಕೈ ಬೆಳಕಿನಲ್ಲಿ.

ಕೆಟ್ಟಿರದ ವೃತ್ತಗಳು ಮೂರು. ಒಂದೊಂದನ್ನೂ ಚಪಾತಿ ಹರಿದಂತೆ ನಾಲ್ಕು ಭಾಗ ಮಾಡಿ, ನಡುವೆ ಒಂದು ಮೊಳದ ಮಣ್ಣಿನ ಗೋಡೆ ಉಳಿಸಿ, ಎದುರುಬದುರಿನ ಎರಡು ಭಾಗ ಮೊದಲು ಅಗೆಯಬೇಕು. ಗೋಡೆಯಲ್ಲಿ ಮಣ್ಣಿನ ಪದರಗಳು ಕಾಣುತ್ತವೆ. ಗುಂಡಿಯೊಂದು ಯಾವ ಪದರದಿಂದ ಕೆಳಗಿಳಿದಿದೆ ಎಂಬುದು ಅದರ ವಯಸ್ಸು: ಮೇಲಿನ ಪದರದಿಂದ ಇಳಿದಿದ್ದರೆ ಹೊಸದು, ಕೆಳಗಿನದರಿಂದ ಇಳಿದಿದ್ದರೆ ಹಳೆಯದು. ನಮ್ಮಲ್ಲಿ ಮೇಲಿನ ಪದರವೇ ಇರಲಿಲ್ಲ. ಜೆಸಿಬಿ ಅದನ್ನು ಒಂದೂವರೆ ಅಡಿ ಹೆರೆದು ಎಲ್ಲೋ ಸುರಿದಾಗಿತ್ತು.

ಸಿಕ್ಕ ಪ್ರತಿ ವಸ್ತುವಿಗೂ ಒಂದು ಚೀಟಿ. ಯಾವ ವೃತ್ತ, ಯಾವ ಭಾಗ, ಎಷ್ಟು ಆಳ, ಯಾವ ದಿನ, ಎಷ್ಟು ಹೊತ್ತಿಗೆ. ಮಡಕೆ ಚೂರಿಗೆ ಆಕಾರ, ಬಣ್ಣ ಇರುತ್ತದೆ, ಚೀಟಿ ಕಳೆದರೂ ಏನಾದರೂ ಹೇಳೀತು. ಚೀಟಿ ಕಳೆದುಕೊಂಡ ಮೂಳೆ ಮಾತ್ರ ಬರೀ ಮೂಳೆ.

ಮೊದಲ ಎರಡು ವೃತ್ತಗಳಲ್ಲಿ ಸಿಕ್ಕವರೆಲ್ಲ ಸುಡಲ್ಪಟ್ಟವರು. ಬೇರೆಲ್ಲೋ ಸುಟ್ಟು, ಆರಿದ ಮೇಲೆ ಆರಿಸಿ ತಂದು, ಮಡಕೆಯಲ್ಲಿ ತುಂಬಿ ಇಟ್ಟಿದ್ದರು. ಜೊತೆಗೆ ತುಕ್ಕು ತಿಂದ ಒಂದು ಕುಡುಗೋಲು, ಒಳಗೆ ಕಪ್ಪು ಹೊರಗೆ ಕೆಂಪಾದ ಬಟ್ಟಲುಗಳು. ಸುಟ್ಟ ಮೂಳೆ ಬೂದು ನೀಲಿ, ಮೈಮೇಲೆ ಬತ್ತಿದ ಕೆರೆಯ ಬಿರುಕು. ಎರಡು ಚೂರು ತಾಗಿದರೆ ಹಂಚಿನಂತೆ ಸದ್ದು ಮಾಡುತ್ತವೆ. ಸುಡದ ಮೂಳೆ ಸದ್ದು ಮಾಡುವುದಿಲ್ಲ. ಇದನ್ನು ನನಗೆ ಮೇಡಂ ಹೇಳಿಕೊಟ್ಟರು, ಕಿವಿಯ ಹತ್ತಿರ ಹಿಡಿದು.

ಕಂಪನಿಯ ಸೈಟ್ ಎಂಜಿನಿಯರ್ ದಿನಕ್ಕೆರಡು ಸಲ ಬಂದು ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಿದ್ದ. ಕೆಟ್ಟವನಲ್ಲ, ಅವಸರದವನು.

"ಏನ್ ಗುರು, ಇನ್ನೂ ಬ್ರಷ್ ಹೊಡೀತಿದ್ದೀರ? ಡ್ರಾಯಿಂಗ್ ಕ್ಲಾಸಾ ಇದು? ಇಷ್ಟೊತ್ತಿಗೆ ನಾನು ಒಂದ್ ಫ್ಲೋರ್ ಎಬ್ಬಿಸಿರ್ತಿದ್ದೆ."

"ನೀವು ಎಬ್ಬಿಸಿದ್ದನ್ನ ಮುಂದೆ ಯಾರೋ ಹೀಗೇ ಬ್ರಷ್ ಹೊಡೀತಾರೆ," ಎಂದರು ಮೇಡಂ ತಲೆ ಎತ್ತದೆ.

"ಹೊಡೀಲಿ ಬಿಡಿ ಮೇಡಂ, ನಮ್ದು ಸಿಮೆಂಟು. ಬ್ರಷ್ ಸವೀತದೆ ಅಷ್ಟೇ. ಸೋಮವಾರ ಮಷೀನ್ ಬರ್ತದೆ, ಅದೊಂದು ಜ್ಞಾಪಕ ಇರ್ಲಿ."

ಮೂರನೇ ವೃತ್ತಕ್ಕೆ ಬಂದಾಗ ನಮಗೆ ಉಳಿದಿದ್ದು ಒಂದು ವಾರ.

ಅಗೆಯುವವರು ಎಂಟು ಜನ, ಎಲ್ಲರೂ ಕೊಪ್ಪಳದ ಕಡೆಯವರು. ಬ್ರೂಕ್‌ಫೀಲ್ಡ್ ಹಿಂದಿನ ತಗಡಿನ ಶೆಡ್ಡುಗಳಲ್ಲಿ ಇದ್ದವರು. ಅವರ ಮೇಸ್ತ್ರಿಗೆ ಬಾಯಿ ಜಾಸ್ತಿ, ಕೈ ಅದಕ್ಕಿಂತ ಚುರುಕು. ಅವರಲ್ಲಿ ಒಬ್ಬಾಕೆಗೆ ಇಪ್ಪತ್ತೈದಿರಬಹುದು. ತಲೆಗೆ ಟವೆಲ್ ಕಟ್ಟಿ, ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಸಣ್ಣ ತಾಮ್ರದ ತಾಯತ. ದೊಡ್ಡವರಿಗೆ ಆಗದಷ್ಟು ಸಣ್ಣದು. ಪಕ್ಕದ ಸೈಟಿನ ಸ್ಲ್ಯಾಬ್ ಕೆಲಸ ಬಿಟ್ಟು ಇಲ್ಲಿಗೆ ಬರುತ್ತೇನೆಂದು ಅವಳೇ ಮೇಸ್ತ್ರಿಯನ್ನು ಕೇಳಿಕೊಂಡು ಬಂದಿದ್ದಳಂತೆ. ಇದನ್ನು ಆಗ ಕೇಳಿ ಮರೆತೆ. ತಾಯತವನ್ನೂ ಅಷ್ಟೇ, ನೋಡಿದ್ದೆ, ನೋಡಿದ್ದು ಆಮೇಲೆ ತಿಳಿಯಿತು. ಅಥವಾ ಆಮೇಲೆ ತಿಳಿದದ್ದರಿಂದ ಮೊದಲೇ ನೋಡಿದ್ದೆ ಅನ್ನಿಸುತ್ತಿದೆ.

ಆ ವಾರ ಬೆಳಗ್ಗೆ ಬಂದಾಗಲೆಲ್ಲ ಮೂರನೇ ವೃತ್ತದ ಆಗ್ನೇಯ ಭಾಗದಲ್ಲಿ, ಅಂಚಿನ ಕಲ್ಲಿನ ಬುಡಕ್ಕೆ, ಅಂಗೈಯಗಲ ನೆಲ ಒದ್ದೆಯಾಗಿರುತ್ತಿತ್ತು. ಹತ್ತಿರ ಹೋದರೆ ಹಸಿ ಹಾಲಿನ ವಾಸನೆ, ಇರುವೆ. ಕಾವಲಿನ ಮುದುಕ ಕುಂದಲಹಳ್ಳಿಯವನೇ. ಅವನ ಚಿಕ್ಕಂದಿನಲ್ಲಿ ಆ ಬಯಲಿನಲ್ಲಿ ರಾಗಿ ಬೆಳೆಯುತ್ತಿದ್ದರಂತೆ, ಕಲ್ಲುಗಳ ಸುತ್ತ ಮಾತ್ರ ನೇಗಿಲು ಹೊಡೆಯುತ್ತಿರಲಿಲ್ಲವಂತೆ.

"ಸಾ, ಯಾರೋ ಏನೋ ಮಾಡ್ಸವ್ರೆ ಇಲ್ಲಿ. ಆಲು ಉಯ್ದವ್ರೆ ನೋಡಿ."

"ನಾಯಿ ಏನಾದ್ರೂ ಪಾಕೀಟು ತಂದು ಹರಿದಿರಬೇಕು ತಾತ."

"ನಾಯಿ ಆಲು ಕುಡೀತದೆ ಸಾ, ಉಯ್ಯಕಿಲ್ಲ. ನಿಮ್ ಒಳ್ಳೇದ್ಕೆ ಯೋಳ್ತೀನಿ, ಆ ಮೂಲೆ ಮುಟ್ಬ್ಯಾಡಿ. ಅಂಗೆಲ್ಲ ಕೆದಕಿದ್ರೆ ಸುಮ್ಕಿರಾಕಿಲ್ಲ ಅವು."

ಎಂಜಿನಿಯರ್ ಇದನ್ನು ಕೇಳಿ ನಕ್ಕ. ಆದರೆ ಮರುದಿನದಿಂದ ಆ ಕಲ್ಲನ್ನು ಬಳಸಿಕೊಂಡು ನಡೆಯುತ್ತಿದ್ದ. ನಾನೂ ಹಾಗೆಯೇ ನಡೆಯುತ್ತಿದ್ದೆನೋ ಏನೋ. ಆ ಭಾಗದಲ್ಲಿ ನೆಲದ ಮೇಲೇ ಹಾಲಿನ ಪಾಕೀಟಿನಿಂದ ಕತ್ತರಿಸಿದ ನೀಲಿ ಪ್ಲಾಸ್ಟಿಕ್ಕಿನ ಮೂಲೆಗಳು ಸಿಕ್ಕವು, ಉಗುರಿನಷ್ಟಗಲದ ಏಳೆಂಟು ಚೂರು. ನಿಯಮದ ಪ್ರಕಾರ ಅವನ್ನೂ ಚೀಲಕ್ಕೆ ಹಾಕಿ 'ಇತ್ತೀಚಿನದು' ಎಂದು ಚೀಟಿ ಬರೆದೆ. ಬರೆದವನು ಅಲ್ಲಿಗೇ ಬಿಟ್ಟೆ.

ಆ ಭಾಗ ಅಗೆಯುವ ಸರದಿ ಬಂದಾಗ ಅವಳು ಗುದ್ದಲಿ ಮುಟ್ಟಲಿಲ್ಲ.

"ಸರ್ರ, ಈ ಮೂಲಿ ಬಿಟ್ಟುಬಿಡ್ರಿ. ಇಲ್ಲೇನೂ ಇಲ್ರಿ."

"ಇಲ್ಲ ಅಂತ ನಿಂಗೆ ಹೇಗೆ ಗೊತ್ತಮ್ಮ?"

"ನಮ್ಮೂರ ಗುಡ್ಡದಾಗ ಇಂಥಾವು ಭಾಳ ಅದಾವ್ರಿ. ಮೋರ್ಯಾರ ಮನಿ ಅಂತೀವಿ, ಹಿಂದಿನ ಕಾಲದ ಸತ್ತಾರದು. ಅವರು ನಡುವಿನ್ಯಾಗ ಇರ್ತಾರ್ರಿ. ಅಂಚಿನ್ಯಾಗ ಯಾರೂ ಇರಂಗಿಲ್ರಿ."

'ಇರ್ತಾರೆ' ಅಂದಳು, ಇದ್ದರು ಅನ್ನಲಿಲ್ಲ. ಅವಳು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಮೊದಲೆರಡು ವೃತ್ತಗಳಲ್ಲೂ ಮಡಕೆಗಳು ಇದ್ದದ್ದು ನಡುವಿನಲ್ಲೇ. ಮೇಡಂ ಮಾತ್ರ ನಾಲ್ಕೂ ಭಾಗ ತೆಗೆಯಬೇಕು, ಅರ್ಧ ಓದಿದ ಪುಸ್ತಕ ಸುಡಲು ಕೊಡುವುದಿಲ್ಲ ಅಂದರು. ಮೇಸ್ತ್ರಿ ಗುದ್ದಲಿ ಕಿತ್ತುಕೊಂಡ.

"ಏ ಯವ್ವಾ, ದೆವ್ವಕ್ಕ ಅಂಜಾಕಿ ಬೆಂಗ್ಳೂರಿಗಿ ಯಾಕ ಬಂದಿ? ಇಲ್ಲಿ ಮನಷ್ಯಾರಿಗೇ ಬಾಡಿಗಿ ಮನಿ ಸಿಗಂಗಿಲ್ಲ, ದೆವ್ವಕ್ಕ ಎಲ್ಲಿಂದ ಸಿಗತೈತಿ!"

ಉಳಿದವರು ನಕ್ಕರು. ಅವಳು ಬುಟ್ಟಿ ಎತ್ತಿಕೊಂಡು ಮಣ್ಣಿನ ಗುಡ್ಡೆಯ ಕಡೆ ಹೋದಳು. ಹಿಂತಿರುಗಿ ನೋಡಲಿಲ್ಲ. ಇಲ್ಲ, ನೋಡಿರಬಹುದು, ನಾನು ಅತ್ತ ನೋಡಲಿಲ್ಲ.

ಎರಡೂ ಒಂದೇ ದಿನ ಸಿಕ್ಕವು.

ಬೆಳಗ್ಗೆ ನಡುಗೋಡೆಗೆ ಹತ್ತಿದಂತೆ ಈಶಾನ್ಯ ಭಾಗದಲ್ಲಿ ಒಂದು ಚಿಕ್ಕ ಮಡಕೆ, ಬಾಯಿಗೆ ಬಟ್ಟಲು ಕವುಚಿದ್ದು. ಬಟ್ಟಲು ಒಡೆದಿರಲಿಲ್ಲ, ಒಳಗೆ ಮಣ್ಣು ಹೆಚ್ಚು ಇಳಿದಿರಲಿಲ್ಲ. ಮೇಡಂ ಕುಕ್ಕರುಗಾಲಲ್ಲಿ ಕೂತು ಬಗ್ಗಿ ನೋಡಿದರು.

"ಸುಟ್ಟಿಲ್ಲ ಕಣೋ," ಅಂದರು. "ಮಗು."

ಒಳಗಿದ್ದದ್ದು ಕಿರುಬೆರಳುದ್ದದ ಕೆಲವು ಮೂಳೆ, ಮೊಟ್ಟೆಯ ಓಡಿನಂಥ ತಲೆಬುರುಡೆಯ ಚೂರುಗಳು.

"ದೊಡ್ಡವರನ್ನ ಸುಟ್ಟಿದಾರೆ, ಮಗೂನ ಸುಟ್ಟಿಲ್ಲ. ನಮ್ಮಲ್ಲಿ ಇವತ್ತಿಗೂ ಅದೇ ತಾನೆ? ಹಲ್ಲು ಬರದ ಮಗೂನ ಸುಡಲ್ಲ, ಹೂಳ್ತಾರೆ. ಅಷ್ಟು ಹಿಂದಿಂದಲೂ ಹೀಗೇ ಅಂದ್ರೆ ನೋಡು!" ಇದೊಂದು ಸಾಕು, ಈ ವೃತ್ತಕ್ಕೆ ಬೇಲಿ ಹಾಕಿ ಬಿಟ್ಟುಬಿಡಿ ಎಂದು ಕೇಳಬಹುದು, ಕಟ್ಟಡವನ್ನು ನಾಲ್ಕು ಮಾರು ಆಚೆ ಸರಿಸಿದರಾಯಿತು ಎಂದರು.

ನಾನು ಮಡಕೆಯ ಹೊರಗೆರೆ ಅಳೆದು ಬರೆದೆ. ಒಳಗಿನದನ್ನು ನಾಳೆ ಬರೆಯೋಣವೆಂದುಕೊಂಡೆ. ಎಂಜಿನಿಯರ್ ಬಂದು ಮಡಕೆಯನ್ನು ಹೊರಗೇ ಬಿಟ್ಟು ಹೋಗುವಂತಿಲ್ಲ, ಜನ ಸೇರುತ್ತಾರೆ ಎಂದದ್ದರಿಂದ ಮೇಡಂ ಆಗಲೇ ಮೂಳೆಗಳನ್ನು ಎತ್ತಿದರು.

ಊಟಕ್ಕೆ ಸ್ವಲ್ಪ ಮೊದಲು ಮೇಸ್ತ್ರಿ ಆಗ್ನೇಯ ಭಾಗದಿಂದ ಕೂಗಿದ. ಎರಡಡಿ ಅಗಲದ ಗುಂಡಿ, ಮಡಕೆ ಇಲ್ಲ, ಬಟ್ಟಲಿಲ್ಲ. ಮಣ್ಣು ಕರಣೆಗೆ ಸಲೀಸಾಗಿ ಬಿಟ್ಟುಕೊಡುತ್ತಿತ್ತು. ಅದರಲ್ಲೂ ಸಣ್ಣ ಮೂಳೆ, ಸುಡದವು. ಕೆಮ್ಮಣ್ಣು, ಗೆದ್ದಲು ಎರಡೂ ಸೇರಿ ತಿಂದು ಉಳಿಸಿದ್ದು ಒಂದು ಬೊಗಸೆ. ದಿನಚರಿಯ ಕೊನೆಯಲ್ಲಿ ಗುಂಡಿಗಳಿಗೆಂದು ಬಿಟ್ಟ ಪುಟದಲ್ಲಿ, ವಾರ ಹಾಕದೆ, 'ಸಡಿಲ ಮಣ್ಣು, ಇಲಿ ಬಿಲ?' ಎಂದು ಬರೆದಿದ್ದೇನೆ. ಪ್ರಶ್ನೆಚಿಹ್ನೆ ನನ್ನದೇ. ಮೇಲ್ಪದರ ಇದ್ದಿದ್ದರೆ ಗುಂಡಿಯ ವಯಸ್ಸು ಗೋಡೆಯಲ್ಲೇ ಕಾಣುತ್ತಿತ್ತು. ಇರಲಿಲ್ಲ. ಮೇಡಂ ಸಂತೋಷದಲ್ಲಿದ್ದರು: ಎರಡನೇ ಮಗು.

ಮಣ್ಣಿನ ಗುಡ್ಡೆಯ ಹತ್ತಿರ ಅವಳು ಬುಟ್ಟಿ ಕೆಳಗಿಟ್ಟು ಕೂತಿದ್ದಳು. ಬಿಸಿಲಿಗೆ ತಲೆ ಸುತ್ತಿದೆಯಂತೆ ಎಂದು ಯಾರೋ ಹೇಳಿದರು.

ಇಂಥ ಮೂಳೆಯನ್ನು ತೊಳೆಯುವಂತಿಲ್ಲ, ಪುಡಿಯಾಗುತ್ತದೆ. ನೆರಳಿನಲ್ಲಿ ಪೇಪರಿನ ಮೇಲೆ ಹರಡಿ ಒಣಗಿಸಬೇಕು. ಟಾರ್ಪಾಲಿನ ಕೆಳಗೆ ಎರಡು ಪೇಪರು ಹಾಸಿದೆವು. ಒಂದರಲ್ಲಿ ಮಡಕೆಯ ಮಗು, ಒಂದರಲ್ಲಿ ಗುಂಡಿಯ ಮಗು. ಒಂದೊಂದರ ತಲೆಯ ಕಡೆ ಒಂದು ಚೀಟಿ, ಚೀಟಿಯ ಮೇಲೆ ಒಂದು ಕಲ್ಲು.

ಆಮೇಲೆ ಮಳೆ. ಬುಧವಾರವೋ ಗುರುವಾರವೋ.

ಮೊದಲು ಗಾಳಿ ಬಂತು. ಟಾರ್ಪಾಲು ಒಂದು ಬದಿ ಕಿತ್ತು ಪಟಪಟ ಹೊಡೆದುಕೊಂಡಿತು. ಮೇಡಂ ಆಗ ಗೇಟಿನ ಹತ್ತಿರ ಫೋನಿನಲ್ಲಿದ್ದರು, ಬೇಲಿಯ ವಿಷಯವೇ ಮಾತಾಡುತ್ತಿದ್ದರು. ಕೆಲಸದವರು ಗುಂಡಿಗಳಿಗೆ ಪ್ಲಾಸ್ಟಿಕ್ ಹೊದಿಸಲು ಓಡಿದರು. ನಾನು ಎರಡು ಪೇಪರುಗಳ ನಾಲ್ಕು ನಾಲ್ಕು ಮೂಲೆ ಎತ್ತಿ ಜೋಳಿಗೆ ಮಾಡಿಕೊಂಡು, ಎರಡು ಕೈಯಲ್ಲಿ ಎರಡನ್ನು ಹಿಡಿದು, ಕಚೇರಿಯಾಗಿ ಬಳಸುತ್ತಿದ್ದ ತಗಡಿನ ಕಂಟೇನರಿಗೆ ಓಡಿದೆ. ಎರಡು ತಟ್ಟೆಗಳಲ್ಲಿ ಇಟ್ಟೆ. ತಗಡಿನ ಮೇಲೆ ಮಳೆ ಎಷ್ಟು ಸದ್ದು ಮಾಡುತ್ತಿತ್ತೆಂದರೆ ನನ್ನ ಉಸಿರು ನನಗೆ ಕೇಳುತ್ತಿರಲಿಲ್ಲ. ಚೀಟಿಗಳು ಅಲ್ಲೇ ಉಳಿದವು. ಮಳೆ ನಿಂತ ಮೇಲೆ ಹೋಗಿ ನೋಡಿದರೆ ಒಂದು ಕೆಸರಿಗೆ ಅಂಟಿ ಶಾಯಿ ಹರಡಿತ್ತು. ಇನ್ನೊಂದು ಸಿಗಲೇ ಇಲ್ಲ.

ಕಂಟೇನರಿಗೆ ಹಿಂತಿರುಗಿ ಎರಡು ಹೊಸ ಚೀಟಿ ಬರೆದೆ. ನೆನಪಿನಿಂದ.

ಒಂದು ತಟ್ಟೆಯಲ್ಲಿ ದವಡೆಯ ಚೂರೊಂದಿತ್ತು. ಅದರ ಒಳಗೆ, ಇನ್ನೂ ಹೊರಬರದ, ಅಕ್ಕಿಕಾಳಿನ ತುದಿಯಷ್ಟು ಬಿಳುಪು, ಹಲ್ಲಿನ ಮೊಳಕೆ. ಬೆಳಗ್ಗೆ ಮಡಕೆಯ ಮೇಲೆ ಬಗ್ಗಿದಾಗ ಮೇಡಂ 'ಹಲ್ಲು' ಅಂದಿದ್ದರು. ಹಾಗಾದರೆ ಹಲ್ಲಿರುವ ತಟ್ಟೆ ಮಡಕೆಯದು. ಆದರೆ ನನಗೆ ಇನ್ನೊಂದೂ ನೆನಪಿತ್ತು: ಮಡಕೆಯ ಮೂಳೆ ಹರಡಿದ್ದು ಕನ್ನಡ ಪೇಪರಿನ ಮೇಲೆ, ಗುಂಡಿಯದು ಇಂಗ್ಲಿಷ್ ಪೇಪರಿನ ಮೇಲೆ. ಹಲ್ಲಿದ್ದದ್ದು ಇಂಗ್ಲಿಷ್ ಪೇಪರಿನಲ್ಲಿ. ಎರಡೂ ನೆನಪು ಒಟ್ಟಿಗೆ ನಿಜವಾಗುವಂತಿರಲಿಲ್ಲ. ಮೇಡಂ ಹಲ್ಲು ಅಂದದ್ದು ಮೂಳೆ ನೋಡಿಯೋ, ಹಲ್ಲು ಬರದ ಮಕ್ಕಳ ಮಾತಾಡುತ್ತಲೋ? ನಾನು ಹಲ್ಲನ್ನು ನಂಬಿದೆ, ಪೇಪರನ್ನು ಬಿಟ್ಟೆ. ಚೀಟಿಯ ಮೇಲೆ ಹಳೆಯ ಹೊತ್ತನ್ನೇ ಹಾಕಿದೆ. ಬದಲಾಯಿಸಿ ಬರೆದದ್ದು ಎಂದು ಎಲ್ಲೂ ನಮೂದಿಸಲಿಲ್ಲ. ಅಪ್ಪನ ಪಾಠ ಆಗ ನೆನಪಾಯಿತೇ? ಆಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಆಗಲಿಲ್ಲ.

ಒದ್ದೆ ಕೂದಲಿನಲ್ಲಿ ಮೇಡಂ ಒಳಗೆ ಬಂದು ಕೇಳಿದರು, "ಎಲ್ಲ ಸರಿ ಇದ್ಯೇನೋ?"

"ಇದೆ ಮೇಡಂ."

ಮರುದಿನ ನಾನು ಖಾಲಿ ಗುಂಡಿಯ ಅಳತೆ ತೆಗೆಯುತ್ತಿದ್ದಾಗ ಅವಳು ಬಂದು ಗೋಡೆಯ ಮೇಲಿನಿಂದ ಬಗ್ಗಿ ನಿಂತಳು.

"ಸರ್ರ, ಆ ಕೂಸು ಎಲ್ಲಿಟ್ಟೀರಿ?"

"ಯಾವ ಕೂಸಮ್ಮ?"

"ಅಂಚಿನ್ಯಾಗಿಂದು."

"ಒಳಗಿದೆ, ಜೋಪಾನವಾಗಿದೆ. ಎರಡು ಸಾವಿರ ವರ್ಷಕ್ಕೂ ಹಿಂದಿಂದು, ಹೆದರಬೇಡ."

"ಅಷ್ಟ ಹಿಂದಿಂದಲ್ರಿ," ಅಂದಳು. ಧ್ವನಿ ಏರಲಿಲ್ಲ. ಗದ್ದದಿಂದ ಗಾಜಿನ ಕಟ್ಟಡ ತೋರಿಸಿದಳು. "ಅದರ ಮೂರನೇ ಅಂತಸ್ತು ಹಾಕುಮುಂದಿಂದು."

ನನ್ನ ಕೈಯಲ್ಲಿದ್ದ ಟೇಪು ಸರ್ರನೆ ಡಬ್ಬಿಯೊಳಗೆ ಸುತ್ತಿಕೊಂಡಿತು.

ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯಲು ನೋಡುತ್ತೇನೆ. ಅವಳೂ ಗಂಡನೂ ಆ ಕಟ್ಟಡದ ಕೆಲಸಕ್ಕೆ ಬಂದಿದ್ದರು. ಮಗುವಿಗೆ ಜ್ವರ ಬಂತು, ಎರಡೇ ದಿನ. ಹತ್ತಿರದ ಸ್ಮಶಾನಕ್ಕೆ ಹೋದರೆ ಅಲ್ಲಿದ್ದವನು ಇಲ್ಲಿನ ವಿಳಾಸದ ಕಾಗದ ಕೇಳಿದ. "ಶೆಡ್ಡಿಗೆ ಎಲ್ಲೀ ವಿಳಾಸ್ರಿ? ನಾ ಈ ಕಲ್ಲು ದಿನಾ ನೋಡತಿದ್ನೆಲ್ರಿ. ಸತ್ತಾರ ಜಾಗ ಅಂತ ಗೊತ್ತಿತ್ತು. ಇಷ್ಟು ಮಂದಿ ಹಿರ್ಯಾರ ಅದಾರ, ಒಂದು ಕೂಸಿಗೆ ಅಂಚಿನ್ಯಾಗ ಜಾಗಾ ಕೊಡಂಗಿಲ್ಲೇನು ಅಂದೆ. ಕೊಟ್ರು. ಇಷ್ಟು ದಿನ ಇಟಗೊಂಡ್ರು." ಬೇರೆ ಸೈಟುಗಳಿಗೆ ಹೋಗಿದ್ದವಳು ಈ ಕಡೆ ತಿರುಗಿ ಬಂದಾಗ ಇಲ್ಲಿ ಅಗೆಯುತ್ತಾರೆಂದು ತಿಳಿಯಿತು. ಅಗೆಯುವವರ ಜೊತೆ ಸೇರಿಕೊಂಡರೆ ಆ ಮೂಲೆ ತಪ್ಪಿಸಬಹುದೆಂದು ಸೇರಿಕೊಂಡಳು. ದಿನಾ ಕೆಲಸಕ್ಕೆ ಬರುವಾಗ ಎಲ್ಲರಿಗಿಂತ ಮೊದಲು ಬಂದು ಹಾಲು ಹಾಕುತ್ತಿದ್ದಳು.

"ಮೈಮೇಲೆ ಏನಾದ್ರೂ ಇತ್ತಾ? ಬಳೆ, ಮಣಿ, ಏನಾದ್ರೂ?" ನಾನು ಕೇಳಿದೆ. ಕೇಳಿದ ರೀತಿ ನೆನಪಿದೆ, ಅವಸರದಲ್ಲಿ.

"ಅರಿವಿ ಅಷ್ಟ ಇತ್ರಿ. ತಾಯತ ಬಿಚ್ಚಿಟಗೊಂಡೆ." ಕೊರಳಿನ ದಾರ ಮುಟ್ಟಿದಳು. "ಸೋಮಾರ ಮಷಿನ್ ಬರತೈತಂತ. ನನ್ನ ಕೂಸು ನನಗ ಕೊಡ್ರಿ ಸರ್ರ. ಊರಿಗೆ ಒಯ್ತೀನಿ. ಪೆಟಿಗ್ಯಾಗ ಇಡಬ್ಯಾಡ್ರಿ."

ಮೇಡಂಗೆ ಹೇಳಿದೆ. ಹೇಳಿದ್ದು ಅರ್ಧ. ಅವರು ನೀಲಿ ಪ್ಲಾಸ್ಟಿಕ್ಕಿನ ಚೀಲ ತರಿಸಿ, ಆ ಚೂರುಗಳನ್ನು ಅಂಗೈ ಮೇಲೆ ಸುರಿದುಕೊಂಡು ನೋಡಿದರು.

"ನಮ್ಮ ಕಣ್ಣೆದುರೇ ಇತ್ತಲ್ಲೋ," ಅಂದರು. ಚೂರುಗಳನ್ನು ಮತ್ತೆ ಚೀಲಕ್ಕೆ ಹಾಕುತ್ತ, "ಪೊಲೀಸರಿಗೆ ತಿಳಿಸಬೇಕು. ತಿಳಿಸಿದ್ರೆ ಮೊದಲು ಅವಳನ್ನೇ ಕೂರಿಸ್ತಾರೆ. ಮಗು ಹೇಗೆ ಸತ್ತಿತು, ಯಾಕೆ ಇಲ್ಲಿ ಹೂಳಿದೆ ಅಂತ." ಅವರು ತಟ್ಟೆಗಳ ಕಡೆ ತಿರುಗಿದರು. ಎರಡೂ ಅದೇ ಕೆಮ್ಮಣ್ಣಿನ ಬಣ್ಣ. ಒಂದು ಕೊಂಚ ಭಾರ ಅನ್ನಿಸಿತು, ಒಂದು ಕೊಂಚ ಹೆಚ್ಚು ಒಣಗಿತ್ತು. ಮೂಳೆ ಬಲ್ಲವರು ಬರುವುದು ಎಲ್ಲ ಮುಗಿದು ಪೆಟ್ಟಿಗೆಗಳು ಉಗ್ರಾಣ ಸೇರಿದ ಮೇಲೆ.

"ಗುಂಡೀದು ಇದು ತಾನೆ? ಚೀಟಿ ಬರೆದೋನು ನೀನು. ಖಾತ್ರಿ ಇದ್ಯಾ?"

ಖಾತ್ರಿ ಇಲ್ಲ ಎಂದಿದ್ದರೆ ಏನಾಗುತ್ತಿತ್ತೆಂದು ನನಗೆ ಆಗಲೇ ತಿಳಿದಿತ್ತು. ಯಾವುದು ಯಾವುದೆಂದು ಗೊತ್ತಿಲ್ಲದ ಮೇಲೆ ಎರಡನ್ನೂ ಅವಳಿಗೇ ಕೊಡಬೇಕೆಂದು ಮೇಡಂ ಹೇಳುತ್ತಿದ್ದರು. ಅವರು ಅಂಥವರೇ. ಆಗ ಮಡಕೆಯ ಮಗು ಇಲ್ಲ, ಬೇಲಿ ಕೇಳಲು ಆಧಾರವಿಲ್ಲ. ಇಪ್ಪತ್ತು ದಿನದಲ್ಲಿ ನಮಗೆ ದಕ್ಕಿದ ಒಂದೇ ಒಂದು ಹೊಸ ಮಾತು ಇಲ್ಲ. ಇಷ್ಟೆಲ್ಲ ಯೋಚಿಸಿದೆ ಎಂದು ಈಗ ಬರೆಯುತ್ತಿದ್ದೇನೆ. ಆದರೆ ನಿಜವಾಗಿ ಆ ಕ್ಷಣ ನನ್ನ ತಲೆಯಲ್ಲಿ ಇದ್ದದ್ದು ಇಷ್ಟೆ: ಚೀಟಿಯನ್ನು ನೆನಪಿನಿಂದ ಬರೆದೆ ಎಂದು ಒಪ್ಪಿಕೊಳ್ಳಬೇಕಾಗುತ್ತದೆ.

"ಖಾತ್ರಿ ಮೇಡಂ," ಅಂದೆ.

ಅವರು ನನ್ನ ದಿನಚರಿ ತೆಗೆದು ಆಗ್ನೇಯ ಗುಂಡಿಯ ಪುಟದಲ್ಲಿ 'ಇತ್ತೀಚಿನದು, ಕೈಬಿಡಲಾಗಿದೆ' ಎಂದು ಬರೆದು ಸಹಿ ಮಾಡಿದರು. ಕೊಡುವ ಕೆಲಸ ನನಗೆ ಬಿಟ್ಟರು.

ಶನಿವಾರ ಮಧ್ಯಾಹ್ನ ಬಂದಳು. ಕೆಲಸದ ಬಟ್ಟೆಯಲ್ಲಿ ಬರಲಿಲ್ಲ. ಸ್ನಾನ ಮಾಡಿದ ಒದ್ದೆ ತಲೆ, ಒಗೆದ ಸೀರೆ, ಕೈಯಲ್ಲಿ ಮಡಚಿದ ಒಂದು ಹೊಸ ಖಣದ ಬಟ್ಟೆ. ಕಂಟೇನರಿನ ಒಳಗೆ ಬರಲು ಒಪ್ಪಲಿಲ್ಲ. ಹೊರಗೆ ಬೇವಿನ ಗಿಡದ ಕೆಳಗೆ ಖಣವನ್ನು ಮುಂದೆ ಹಾಸಿಕೊಂಡು ಕೂತಳು. ಮೇಸ್ತ್ರಿ ದೂರದಲ್ಲಿ ಟವೆಲ್ ಕೈಯಲ್ಲಿ ಹಿಡಿದು ನಿಂತಿದ್ದ. ಅವತ್ತು ಅವನಿಗೆ ಒಂದು ಜೋಕೂ ಹೊಳೆಯಲಿಲ್ಲ. ಗಾಜಿನ ಕಟ್ಟಡದ ಎರಡನೇ ಮಹಡಿಯಲ್ಲಿ ಕಾಫಿ ಲೋಟ ಹಿಡಿದ ನಾಲ್ಕೈದು ಮಂದಿ ನಮ್ಮನ್ನೇ ನೋಡುತ್ತಿದ್ದರು.

ತಟ್ಟೆಯಿಂದ ಒಂದೊಂದೇ ಚೂರು ಎತ್ತಿ ಖಣದ ಮೇಲೆ ಇಟ್ಟೆ. ಮೂಳೆಗೆ ಮೂಳೆ ತಾಗಿದರೂ ಸದ್ದಿಲ್ಲ. ಅವಳು ಎಲ್ಲವನ್ನೂ ನೋಡಿದಳು. ತಲೆಬುರುಡೆಯ ಒಂದು ಚೂರನ್ನು ಬೆರಳಿನ ಹಿಂಬದಿಯಿಂದ ಮುಟ್ಟಿದಳು, ಜ್ವರ ನೋಡುವವರ ಹಾಗೆ.

"ಹಲ್ಲು ಬಂದಿದ್ದಿಲ್ರಿ," ಅಂದಳು. "ಒಳಗ ಮೂಡಿತ್ತು ಅನಸ್ತೈತಿ. ಕೊನಿಗೊನಿಗೆ ಭಾಳ ಕಚ್ಚತಿತ್ತು."

ಹಲ್ಲಿನ ಮೊಳಕೆ ಇದ್ದ ದವಡೆ ಒಳಗಿನ ತಟ್ಟೆಯಲ್ಲಿತ್ತು, ಮಡಕೆಯದೆಂದು ನಾನು ಚೀಟಿ ಬರೆದದ್ದರಲ್ಲಿ. ಕಂಟೇನರು ಹತ್ತು ಹೆಜ್ಜೆ. ಆ ವಯಸ್ಸಿನ ಯಾವ ಮಗುವಿನ ದವಡೆಯಲ್ಲೂ ಮೊಳಕೆ ಇರುತ್ತದೆ, ಹಳೆಯದಕ್ಕೂ ಹೊಸದಕ್ಕೂ, ಅದರಿಂದ ಏನೂ ಸಾಬೀತಾಗುವುದಿಲ್ಲ ಎಂದು ಆಮೇಲೆ ಓದಿ ತಿಳಿದುಕೊಂಡಿದ್ದೇನೆ. ಆಗ ಅದು ಗೊತ್ತಿರಲಿಲ್ಲ. ಗೊತ್ತಿಲ್ಲದೆಯೂ ಏಳಲಿಲ್ಲ. ಅವಳು ಆ ಮಾತು ಹೇಳಿದ್ದು ನಿಜವೇ, ಅಥವಾ ವರ್ಷಗಳ ಮೇಲೆ ನಾನೇ ಅವಳ ಬಾಯಿಗೆ ಹಾಕಿದೆನೇ ಎಂದೂ ಅನುಮಾನವಿದೆ. ಆ ದಿನದ ಪುಟದಲ್ಲಿ 'ಕೊಟ್ಟೆ' ಎಂಬ ಒಂದೇ ಪದವಿದೆ.

ಅವಳು ಖಣದ ನಾಲ್ಕು ಮೂಲೆ ಸೇರಿಸಿ ಗಂಟು ಹಾಕುವ ಮೊದಲು ತಲೆ ಎತ್ತಿದಳು.

"ಇದ ಹೌದಲ್ರಿ ಸರ್ರ?"

"ಹೌದಮ್ಮ."

ಗಂಟು ಹಾಕಿದಳು. ಕೊರಳಿನ ತಾಯತ ಬಿಚ್ಚಿ ಗಂಟಿನ ಮೇಲೆ ಕಟ್ಟಿದಳು. ಬಸ್ಸಿಗೆ ಹೊತ್ತಾಗುತ್ತದೆಂದು ಹೊರಟಳು. ಮತ್ತೆ ಅವಳನ್ನು ನೋಡಲಿಲ್ಲ. ಆ ಗುಂಪು ಎಲೆಕ್ಟ್ರಾನಿಕ್ ಸಿಟಿ ಕಡೆ ಹೋಯಿತೆಂದು ಯಾರೋ ಹೇಳಿದರು.

ಬೇಲಿ ಸಿಗಲಿಲ್ಲ. ಸೋಮವಾರ ಮಷೀನು ಬಂತು. ಮೂರನೇ ವೃತ್ತದ ಕಲ್ಲುಗಳನ್ನು ಕಟ್ಟಡದ ಮುಂದಿನ ಹುಲ್ಲುಹಾಸಿನಲ್ಲಿ ದುಂಡಗೆ ಜೋಡಿಸಿದರು. ಒಮ್ಮೆ ಹೋಗಿ ನೋಡಿದೆ, ಜನ ಅವುಗಳ ಮೇಲೆ ಕೂತು ಊಟ ಮಾಡುತ್ತಿದ್ದರು. ಕ್ರಮ ತಪ್ಪಿತ್ತು. ಆಗ್ನೇ‍ಯದ ಕಲ್ಲು ಪಶ್ಚಿಮದಲ್ಲಿತ್ತು. ಅಥವಾ ನನ್ನ ನಕ್ಷೆ ತಪ್ಪಿತ್ತು. ವರದಿಯಲ್ಲಿ ಮಡಕೆಯ ಚಿತ್ರವಿದೆ, ನಾನೇ ಬರೆದದ್ದು, ಅಳೆದು. ಅದರ ಕೆಳಗೆ ಸುಡದ ಮಗುವಿನ ಬಗ್ಗೆ ಮೇಡಂ ಬರೆದ ಎರಡು ಪ್ಯಾರಾ ಇದೆ. ಕೊಡದೆ ಉಳಿದ ತಟ್ಟೆಯ ಮೂಳೆಗಳು ನನ್ನ ಅಕ್ಷರದ ಚೀಟಿಯ ಜೊತೆ ಉಗ್ರಾಣದ ಪೆಟ್ಟಿಗೆಯೊಂದರಲ್ಲಿವೆ. ಪರೀಕ್ಷೆಗೆ ಯಾರೂ ಕಳಿಸಲಿಲ್ಲ. ಕಳಿಸಿ ಎಂದು ಒಂದು ಪತ್ರ ಬರೆದರೆ ಸಾಕಿತ್ತು, ನಾನು ಬರೆದಿಲ್ಲ. ಮೇಡಂಗೂ ಹೇಳಲಿಲ್ಲ. ಈಗ ಅವರಿಲ್ಲ.

ಕೊಪ್ಪಳದ ಕಡೆಯ ಯಾವುದೋ ಹಳ್ಳದ ದಂಡೆಯಲ್ಲಿ ಹೂತಿರುವುದು ಯಾವ ಮಗು, ಪೆಟ್ಟಿಗೆಯಲ್ಲಿರುವುದು ಯಾವುದು, ನನಗೆ ಗೊತ್ತಿಲ್ಲ. ಹೌದಮ್ಮ ಎಂದಾಗಲೂ ಗೊತ್ತಿರಲಿಲ್ಲ.